ದೀಪದ ಬುಡದ ಕತ್ತಲು: ಪಲ್ಟಣಗಳ ಚರಿತ್ರೆಯಲ್ಲಿ ಹೆಡ್‌ಕ್ವಾರ್ಟರ್ಸ್ ಕಂಪನಿ

ಪಲ್ಟಣಗಳ ಚರಿತ್ರೆ ಓದುವ ಗೀಳು ನಮಗೆ ಅಂಟಿಕೊಂಡು ಇಪ್ಪತ್ತು ವರ್ಷಗಳಾಗುತ್ತ ಬಂದುವು. ಭಾನುವಾರ ದೆಹಲಿಯ ಹಳೆ ಪುಸ್ತಕಗಳ ಸಂತೆಯಿಂದ ಕಥೆ ಕಾದಂಬರಿಗಳ ಬದಲು, ಲಾಂಛನ ಒತ್ತಿದ ದಪ್ಪ ರಟ್ಟಿನ ಪುಸ್ತಕಗಳನ್ನೇ ಹೊತ್ತು ತರುವ ನಮ್ಮನ್ನು ಕಂಡು ಮನೆಯವರು ನಗುವುದುಂಟು. ಕೇಂದ್ರ ಸರಕಾರದ ಗುಮಾಸ್ತೆಗೂ ಯುದ್ಧಕ್ಕೂ ಏನು ನಂಟೆಂದು ಸಂಘದ ಮಿತ್ರರೂ ಕೇಳಿದ್ದಾರೆ. ನಂಟು ಇದೆ. ಆ ನಂಟಿನಿಂದಲೇ ಈ ಪುಸ್ತಕಗಳ ಬಗ್ಗೆ ನಮ್ಮದೊಂದು ತಕರಾರೂ ಇದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಲೆಕ್ಕ ನೋಡೋಣ. 1943ರ ಸುಮಾರಿನ ಬ್ರಿಟಿಷ್ ಪದ್ಧತಿಯ ಪದಾತಿ ಬೆಟಾಲಿಯನ್ ಒಂದರಲ್ಲಿ ಸುಮಾರು 845 ಜನ. ಬಂದೂಕು ಹಿಡಿದು ಮುಂದೆ ನಡೆಯುವ ರೈಫಲ್ ಕಂಪನಿಗಳು ನಾಲ್ಕು, ಒಂದೊಂದರಲ್ಲಿ ಸುಮಾರು 125 ಜನ. ಅಲ್ಲಿಗೆ 500 ಆಯಿತು. ಉಳಿದ 345 ಜನ, ಅಂದರೆ ನೂರಕ್ಕೆ ನಲವತ್ತು ಮಂದಿ, ಎಲ್ಲಿದ್ದರು? ಮಾರ್ಟರ್, ಟ್ಯಾಂಕ್ ನಿರೋಧಕ ತೋಪು, ಕ್ಯಾರಿಯರ್ ಗಾಡಿಗಳಿದ್ದ ಸಪೋರ್ಟ್ ಕಂಪನಿಯಲ್ಲಿ ಕೆಲವರು. ಇನ್ನುಳಿದವರು ಹೆಡ್‌ಕ್ವಾರ್ಟರ್ಸ್ ಕಂಪನಿಯಲ್ಲಿ: ತಂತಿ ಎಳೆಯುವ ಸಿಗ್ನಲ್‌ನವರು, ಲಾರಿ ಚಾಲಕರು, ಅಡಿಗೆಯವರು, ಉಗ್ರಾಣದವರು, ಗುಮಾಸ್ತೆಗಳು. 1943ಕ್ಕೆ ಮುಂಚೆ ಮಾರ್ಟರಿನವರೂ ಕ್ಯಾರಿಯರಿನವರೂ ಇದೇ ಕಂಪನಿಯ ಮಕ್ಕಳು. ಗುಂಡು ಹಾರಿಸುವವರು ಬೇರೆ ಮನೆ ಹೂಡಿದ ಮೇಲೆ ಹಳೆಯ ಮನೆಯಲ್ಲಿ ಉಳಿದವರ ಹೆಸರು ಚರಿತ್ರಕಾರರಿಗೆ ಇನ್ನಷ್ಟು ಮರೆತುಹೋಯಿತು.

ಪಲ್ಟಣದ ಚರಿತ್ರೆಗಳ ಜಾಡು ನಮಗೀಗ ಬಾಯಿಪಾಠ. ಎ ಕಂಪನಿ ಎಡಗಡೆಯಿಂದ ನುಗ್ಗಿತು, ಬಿ ಕಂಪನಿ ಬಲದ ದಿಬ್ಬ ಹಿಡಿಯಿತು, ಸಿ ಕಂಪನಿಗೆ ಹೆಚ್ಚು ನಷ್ಟವಾಯಿತು. ನಂತರ ಒಂದು ವಾಕ್ಯ: ರಾತ್ರಿ ಊಟವೂ ಮದ್ದುಗುಂಡೂ ಬಂದವು. ಹೇಗೆ ಬಂದವು? ತಾವೇ ನಡೆದು ಬಂದವೆ? ಕರ್ಮಣಿ ಪ್ರಯೋಗದ ವ್ಯಾಕರಣವೆಲ್ಲ ಈ ಜನರನ್ನು ಮರೆಮಾಡುವುದಕ್ಕೇ ಹುಟ್ಟಿತೇನೋ ಎಂಬ ಅನುಮಾನ ನಮಗೆ ಬಂದದ್ದುಂಟು.

ಸೋಜಿಗದ ಸಂಗತಿಯೆಂದರೆ, ಈ ಚರಿತ್ರೆಗಳಿಗೆಲ್ಲ ಮೂಲ ಸಾಮಗ್ರಿ ಒದಗಿಸಿದವರು ಹೆಡ್‌ಕ್ವಾರ್ಟರ್ಸಿನವರೇ. ಬ್ರಿಟಿಷ್ ಮತ್ತು ಭಾರತೀಯ ಪಲ್ಟಣಗಳು ಯುದ್ಧಕಾಲದಲ್ಲಿ ದಿನಚರಿ ಇಡಬೇಕೆಂದು ನಿಯಮವಿತ್ತು. ಸಿ 2118 ಎಂಬುದು ಅದರ ನಮೂನೆ. ಸ್ಥಳ, ತಾರೀಕು, ಗಂಟೆ, ಘಟನೆಯ ಸಾರಾಂಶ ಎಂದು ಅಂಕಣಗಳು. ಅಧಿಕಾರಿ ಹೇಳಿದ್ದನ್ನು ಬೆರಳಚ್ಚು ಮಾಡುತ್ತಿದ್ದವನು ಗುಮಾಸ್ತೆ. ಎ ಕಂಪನಿ ನುಗ್ಗಿದ್ದು ಅವನ ಬೆರಳಿನಿಂದಲೇ ಕಾಗದಕ್ಕೆ ಬಂತು. ಅವನು ಮಾತ್ರ ಕಾಗದಕ್ಕೆ ಬರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ.

ಹಿಂದಿದ್ದವರು ಹಿಂದೆಯೇ ಸುಖವಾಗಿದ್ದರೆಂದು ವಾದಿಸುವವರಿಗೆ 1944ರ ಅರಾಕಾನನ್ನು ತೋರಿಸಬೇಕು. ಆ ವರ್ಷ ಫೆಬ್ರವರಿ 6ರಂದು ಜಪಾನೀಯರು ಬಿದ್ದದ್ದು ಜನರಲ್ ಮೆಸ್ಸರ್ವಿಯವರ 7ನೆಯ ಭಾರತೀಯ ಡಿವಿಷನ್ನಿನ ಪ್ರಧಾನ ಕಚೇರಿಯ ಮೇಲೆ. ಸಿಗ್ನಲ್‌ನವರೂ ಗುಮಾಸ್ತೆಗಳೂ ಬಂದೂಕು ಹಿಡಿದರು. ಉಳಿದವರು ಕಾಡು ತೊರೆಗಳನ್ನು ದಾಟಿ ಸಿಂಜ್‌ವೇಯಾ ಎಂಬಲ್ಲಿನ ಉಗ್ರಾಣದ ಬಯಲು ಸೇರಿದರು. ಗುಡ್ಡಗಳ ನಡುವೆ ಸುಮಾರು 1200 ಗಜದ ಆ ಬಯಲಿನಲ್ಲಿ ಇದ್ದವರಲ್ಲಿ ಬಹುಪಾಲು ಮಂದಿ ಹೇಸರಗತ್ತೆಯವರು, ಉಗ್ರಾಣದವರು, ಆಸ್ಪತ್ರೆಯವರು. ವೆಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ 2ನೆಯ ಬೆಟಾಲಿಯನ್, 25ನೆಯ ಡ್ರಗೂನ್ಸಿನ ಟ್ಯಾಂಕುಗಳು ಮತ್ತು ಈ ಜನ ಸೇರಿ ಎರಡು ವಾರಕ್ಕೂ ಮೀರಿ ಆ ನೆಲವನ್ನು ಬಿಟ್ಟುಕೊಡಲಿಲ್ಲ. ಆಹಾರ ವಿಮಾನದಿಂದ ಬಿತ್ತು. ಚರಿತ್ರೆಯಲ್ಲಿ ಇದಕ್ಕೆ 'ಅಡ್ಮಿನ್ ಬಾಕ್ಸ್ ಕದನ' ಎಂದೇ ಹೆಸರು. ಆಡಳಿತವೆಂಬ ಬಡಪಾಯಿ ಶಬ್ದಕ್ಕೆ ಇಷ್ಟು ಮಾನ ಬೇರೆಲ್ಲೂ ದೊರೆತಿಲ್ಲ.

ಅದೇ ಏಪ್ರಿಲ್‌ನಲ್ಲಿ ಕೊಹಿಮಾ. ಅಲ್ಲಿಯ ನಕ್ಷೆ ನೋಡಿದವರಿಗೆ ಎಫ್‌.ಎಸ್‌.ಡಿ. ದಿಣ್ಣೆ, ಡಿ.ಐ.ಎಸ್‌. ಗುಡ್ಡ ಎಂಬ ಹೆಸರುಗಳು ಕಾಣುತ್ತವೆ. ಫೀಲ್ಡ್ ಸಪ್ಲೈ ಡಿಪೋ, ಡೈಲಿ ಇಷ್ಯೂ ಸ್ಟೋರ್ ಎಂದು ಅವುಗಳ ಅರ್ಥ. ದಿನಸಿ ಹಂಚುತ್ತಿದ್ದ ಗುಡ್ಡದ ಮೇಲೆಯೇ ಜನ ಕಾದಾಡಿ ಮಡಿದರು. ಗುಡ್ಡಕ್ಕೆ ಉಗ್ರಾಣದ ಹೆಸರು ಉಳಿಯಿತು, ಉಗ್ರಾಣದವನ ಹೆಸರು ಉಳಿಯಲಿಲ್ಲ.

ಹಾಗಾದರೆ ಒಳ್ಳೆಯ ಪುಸ್ತಕಗಳೇ ಇಲ್ಲವೆ? ಇವೆ. ಜನರಲ್ ಸ್ಲಿಮ್ ಅವರ 'ಡಿಫೀಟ್ ಇಂಟು ವಿಕ್ಟರಿ' (1956) ನಮ್ಮ ಮಟ್ಟಿಗೆ ಮೊದಲನೆಯದು. 1943ರಲ್ಲಿ ಗಾಯಗೊಂಡು ಹಿಂದಕ್ಕೆ ಹೋದ ಒಬ್ಬನಿಗೆ ಕಾಯಿಲೆಯಿಂದ ಹೋದವರು 120 ಮಂದಿ ಎಂದು ಅವರು ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ಪ್ಯಾರಾಚೂಟ್‌ಗಳ ಕೊರತೆಯಾದಾಗ ಕಲ್ಕತ್ತೆಯ ಸೆಣಬಿನಿಂದ ಸುಮಾರು ಒಂದು ಪೌಂಡಿಗೊಂದರಂತೆ 'ಪ್ಯಾರಾಜ್ಯೂಟ್' ಮಾಡಿಸಿದ ಕಥೆಯನ್ನು ಯುದ್ಧದ ಕಥೆಯಷ್ಟೇ ಪ್ರೀತಿಯಿಂದ ಹೇಳುತ್ತಾರೆ. ಸರಬರಾಜಿನ ಮುಖ್ಯಸ್ಥ ಸ್ನೆಲಿಂಗ್ ಅವರನ್ನು ಮನಸಾರೆ ಕೊಂಡಾಡುತ್ತಾರೆ. ಆದರೆ ಅದು ಸೇನಾಪತಿಯ ಕಣ್ಣು. ಒಂದು ಪಲ್ಟಣದ ಅಡಿಗೆಮನೆ ಅಷ್ಟು ಎತ್ತರದಿಂದ ಕಾಣುವುದಿಲ್ಲ.

ಕೆಳಗಿನಿಂದ ನೋಡಿದ ಪುಸ್ತಕ ಜಾರ್ಜ್ ಮ್ಯಾಕ್‌ಡೊನಾಲ್ಡ್ ಫ್ರೇಸರ್ ಅವರ 'ಕ್ವಾರ್ಟರ್ಡ್ ಸೇಫ್ ಔಟ್ ಹಿಯರ್'. ಬರ್ಮಾದಲ್ಲಿ ಒಂದು ಸೆಕ್ಷನ್ನಿನ ಹುಡುಗರ ಜೀವಂತ ಚಿತ್ರ ಅದು. ಹೆಸರನ್ನು ಅವರು ಎತ್ತಿಕೊಂಡದ್ದು ಪಲ್ಟಣದ ಭಿಸ್ತಿಯ ಮೇಲೆ ಕಿಪ್ಲಿಂಗ್ ಬರೆದ ಪದ್ಯದಿಂದ. ನೀರು ಹೊರುವವನ ಪದ್ಯದಿಂದ ಹೆಸರು ಬಂತು, ಒಳಗಿನ ಪುಟಗಳು ರೈಫಲಿನವರಿಗೆ ಸಂದವು. ಸ್ಟೀಫನ್ ಆಂಬ್ರೋಸ್ ಅವರ 'ಬ್ಯಾಂಡ್ ಆಫ್ ಬ್ರದರ್ಸ್' (1992) ಅಮೆರಿಕದ ಒಂದೇ ಒಂದು ರೈಫಲ್ ಕಂಪನಿಯನ್ನು ಜಗತ್ಪ್ರಸಿದ್ಧ ಮಾಡಿತು. ಅದರ ನಾಯಕ ವಿಂಟರ್ಸ್ 1944ರ ಅಕ್ಟೋಬರಿನಲ್ಲಿ ಬೆಟಾಲಿಯನ್ ಕಚೇರಿಗೆ ಬಡ್ತಿ ಹೊಂದಿದ ಮೇಲೂ ಓದುಗನ ಮನಸ್ಸು ಆ ಕಚೇರಿಯೊಳಗೆ ಕಾಲಿಡುವುದಿಲ್ಲ, ಕಂಪನಿಯ ಹಿಂದೆಯೇ ಓಡುತ್ತದೆ.

ಇದಕ್ಕೆ ತದ್ವಿರುದ್ಧವಾದವು 1945ರಲ್ಲಿ ಊರಿಗೆ ಮರಳುವ ಮುನ್ನ ಅಮೆರಿಕದ ಅನೇಕ ತುಕಡಿಗಳು ಜರ್ಮನಿಯ ಮುದ್ರಣಾಲಯಗಳಲ್ಲಿಯೇ ಅಚ್ಚು ಹಾಕಿಸಿಕೊಂಡ ಕಿರುಹೊತ್ತಿಗೆಗಳು. ಸಾಹಿತ್ಯವೆಂದು ನೋಡಿದರೆ ಇಂಥವು ಬಡವೇ. ಒಳಗಿನವರಿಗಷ್ಟೇ ನಗು ತರಿಸುವ ಹಾಸ್ಯ, ದಾರಿಯ ನಕ್ಷೆ, ಹೆಸರುಗಳ ಪಟ್ಟಿ. ಬೆಟಾಲಿಯನ್ ಎಲ್ಲಿತ್ತು, ಏನು ಮಾಡುತ್ತಿತ್ತು ಎಂಬುದೇ ಕೆಲವೊಮ್ಮೆ ಮರೆತುಹೋಗುತ್ತದೆ. ಆದರೂ ಆ ಪಟ್ಟಿಗಾಗಿ ನಾವು ಅವರಿಗೆ ಕೈಮುಗಿಯುತ್ತೇವೆ. ಅಡಿಗೆಯವನ ಹೆಸರೂ ಅಲ್ಲಿ ಅಕ್ಷರಮಾಲೆಯ ಕ್ರಮದಲ್ಲಿ ಕ್ಯಾಪ್ಟನ್ನನ ಪಕ್ಕದಲ್ಲೇ ಕೂತುಬಿಡುತ್ತದೆ. ನಮ್ಮ ಪಲ್ಟಣಗಳ ಭಿಸ್ತಿ, ಮೋಚಿ, ಜಾಡಮಾಲಿಗಳಿಗೆ ಆ ಭಾಗ್ಯ ಸಿಗುವುದು ಬಹುತೇಕ ಸತ್ತ ಮೇಲೆ, ಯುದ್ಧ ಸಮಾಧಿ ಆಯೋಗದ ದಾಖಲೆಗಳಲ್ಲಿ.

ನಮ್ಮದು ಪಕ್ಷಪಾತವೆಂದು ಯಾರಾದರೂ ಅಂದರೆ ಒಪ್ಪಬೇಕಾದ್ದೇ. ರೈಫಲ್ ಕಂಪನಿಯವನು ಸಾಯುವಷ್ಟು ಸುಲಭವಾಗಿ ಗುಮಾಸ್ತೆ ಸಾಯುವುದಿಲ್ಲ. ಹೆಚ್ಚು ಪುಟಗಳು ಅವನಿಗೇ ಸಲ್ಲಬೇಕು. ನಾವು ಕೇಳುವುದು ಪುಟಗಳ ಸಮಪಾಲಲ್ಲ, ಕೊಂಡಿಯನ್ನು. ಸಂಜೆಯ ಬಲಾಬಲದ ಪಟ್ಟಿಯಲ್ಲಿ ಹತ್ತು ತಲೆ ತಪ್ಪಿದರೆ ಮರುದಿನ ಹತ್ತು ಹೊಟ್ಟೆ ಖಾಲಿ. ತಂತಿ ಕಡಿದರೆ ತೋಪಿನ ಸಹಾಯವಿಲ್ಲ. ಈ ಕೊಂಡಿ ತೋರಿಸದ ಚರಿತ್ರೆಯಲ್ಲಿ ಗೆಲುವಿಗೂ ಸೋಲಿಗೂ ಕಾರಣವೇ ತಿಳಿಯುವುದಿಲ್ಲ. ವಿಜ್ಞಾನ ಓದಿದ ನಮಗೆ ಕಾರಣವಿಲ್ಲದ ಕಾರ್ಯ ರುಚಿಸದು.

ಇನ್ನು ನಂಟಿನ ಮಾತು. ನಮ್ಮ ದೊಡ್ಡಪ್ಪ 1971ರಲ್ಲಿ ಒಂದು ಪಲ್ಟಣದ ಹೆಡ್‌ಕ್ವಾರ್ಟರ್ಸ್ ಕಂಪನಿಯಲ್ಲಿ ಹವಾಲ್ದಾರ್ ಗುಮಾಸ್ತೆ. ಆ ಪಲ್ಟಣದ ಚರಿತ್ರೆ ನಮಗೆ ಸಂತೆಯಲ್ಲಿ ಸಿಕ್ಕಾಗ ಹಿಗ್ಗಿನಿಂದ ಊರಿಗೆ ಒಯ್ದು ಕೊಟ್ಟೆವು. ಅವರು ಕನ್ನಡಕ ಏರಿಸಿ ನೇರವಾಗಿ ಕೊನೆಗೆ, ಮಡಿದವರ ಪಟ್ಟಿಗೆ ಹೋದರು. ಬೆರಳಿಟ್ಟು ಒಂದೊಂದೇ ಹೆಸರು ಓದಿದರು. "ನಿಮ್ಮ ಹೆಸರು ಎಲ್ಲೂ ಇಲ್ಲವಲ್ಲ ದೊಡ್ಡಪ್ಪ" ಎಂದೆವು. "ನನ್ನದು ಯಾಕೆ? ಇದನ್ನ ಮೊದಲು ಟೈಪ್ ಮಾಡಿದವನು ನಾನೇ. ಒಂದು ಹೆಸರಿನ ಸ್ಪೆಲ್ಲಿಂಗು ತಪ್ಪಿದೆ, ನಾನು ಸರಿಯಾಗಿ ಹೊಡೆದಿದ್ದೆ" ಎಂದರು. ಆ ರಾತ್ರಿ ಅವರು ಊಟಕ್ಕೆ ಏಳಲಿಲ್ಲ. ಮಡಿದವರ ಮನೆಗಳಿಗೆ ಹೋಗಬೇಕಾದ ಪತ್ರಗಳನ್ನೂ ಅವರೇ ಬೆರಳಚ್ಚು ಮಾಡಿದ್ದರೆಂದು ದೊಡ್ಡಮ್ಮನಿಂದ ನಮಗೆ ಆಮೇಲೆ ತಿಳಿಯಿತು. ಆ ಚರಿತ್ರೆಯಲ್ಲಿ ಆ ಪತ್ರಗಳ ಬಗ್ಗೆ ಒಂದು ಸಾಲೂ ಇಲ್ಲ.

ದೆಹಲಿಯ ತೀನ್‌ಮೂರ್ತಿಯ ಕಂಚಿನ ವೀರರಲ್ಲಿ ಒಬ್ಬ ನಮ್ಮ ಮೈಸೂರಿನವನು; 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ನಮಗೆಲ್ಲ ಹೆಮ್ಮೆ. ಆ ಕುದುರೆಗಳಿಗೆ ಹುಲ್ಲು ಹಾಕಿದವರು, ಲಾಳ ಕಟ್ಟಿದವರು ಯಾರು? ಸೈನ್ಯಕ್ಕೆ ಅನ್ನ ಒದಗಿಸುವ ಆರ್ಮಿ ಸರ್ವಿಸ್ ಕೋರಿನ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಅಂಥ ಕೆಲಸ ಮಾಡಿ ನಿವೃತ್ತರಾದ ಹಿರಿಯರು ಸಂಘದ ಅನೇಕ ಮನೆಗಳಲ್ಲಿರಬಹುದು. ಅವರನ್ನು ಯುದ್ಧದ ಸಾಹಸ ಕೇಳಬೇಡಿ. ದಿನಕ್ಕೆ ಎಷ್ಟು ಜನಕ್ಕೆ ಅನ್ನ ಬೇಯಿಸಿದಿರಿ, ನೀರು ಎಷ್ಟು ದೂರದಿಂದ ತಂದಿರಿ, ಪಟ್ಟಿ ಯಾರು ಬರೆಯುತ್ತಿದ್ದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹೆಸರುಗಳ ಕಾಗುಣಿತ ಮಾತ್ರ ಎರಡು ಸಲ ಕೇಳಿ ಖಚಿತ ಮಾಡಿಕೊಳ್ಳಿ.