ಕಡಗಂಚಿಯ ಗ್ರಂಥ, ಗಾಣಗಾಪುರದ ಆಜ್ಞೆ

ಹಿರೋಳ್ಳಿ ದಾಟಿದರೆ ಮಹಾರಾಷ್ಟ್ರ. ಅತ್ತ ಅಕ್ಕಲಕೋಟೆಯ ಸ್ವಾಮಿ ಸಮರ್ಥರು, ಇತ್ತ ಭೀಮೆಯ ದಂಡೆಯ ಮೇಲೆ ಗಾಣಗಾಪುರದ ದತ್ತ. ನಡುವಿನ ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡ ಮಾತಾಡುವವರೇ ದೇವರ ಮುಂದೆ ಕೂತು ಮರಾಠಿ ಓವಿ ಓದುತ್ತಾರೆ. ಅವರು ಓದುವ ಗುರುಚರಿತ್ರೆ ಎಲ್ಲಿಂದಲೋ ಬಂದ ಗ್ರಂಥವಲ್ಲ. ಅದನ್ನು ಬರೆದ ಸರಸ್ವತಿ ಗಂಗಾಧರ ಆಳಂದ ತಾಲ್ಲೂಕಿನ ಕಡಗಂಚಿಯವನು ಎಂಬುದು ಪರಂಪರೆಯ ಮಾತು. ಇವತ್ತು ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವ ಊರು ಅದು. ಗಾಣಗಾಪುರದಲ್ಲಿ ನೆಲೆನಿಂತಿದ್ದ ನರಸಿಂಹ ಸರಸ್ವತಿಯವರ ಶಿಷ್ಯ ಸಾಯಂದೇವನ ವಂಶ ಅವನದು. ಮರಾಠಿ ತನಗೆ ಸರಿಯಾಗಿ ಬಾರದು ಎಂದು ಮೊದಲಿಗೇ ಹೇಳಿಕೊಳ್ಳುತ್ತಾನೆ. ಆದರೂ ಐವತ್ತಕ್ಕೂ ಹೆಚ್ಚು ಅಧ್ಯಾಯಗಳನ್ನು ಮರಾಠಿಯಲ್ಲೇ ಬರೆದ. ಸಾಯಂದೇವ ಗುರುವನ್ನು ಹೊಗಳುವ ಕಡೆ ಮಾತ್ರ ಕನ್ನಡ ಪದಗಳನ್ನು ಹಾಗೆಯೇ ಇಟ್ಟುಬಿಟ್ಟಿದ್ದಾನೆ. ಮನಸ್ಸು ತುಂಬಿ ಬಂದಾಗ ಅವನಿಗೆ ತನ್ನ ಭಾಷೆಯೇ ಬೇಕಾಯಿತು.

ಗುರುಚರಿತ್ರೆಯ ಉದ್ದಕ್ಕೂ ಇರುವುದು ಒಂದೇ ಪಾಠ: ಗುರುವೇ ದೇವರು, ಅವನ ಮಾತು ಮೀರಬಾರದು. ಇಷ್ಟೇ ಆಗಿದ್ದರೆ ಈ ಪುಸ್ತಕ ಇಷ್ಟು ಶತಮಾನ ಬದುಕುತ್ತಿರಲಿಲ್ಲ. ಮಾತಿಗೆ ತಲೆಬಾಗಿದವರ ಕಥೆಗಳು ಇದರಲ್ಲಿ ಹತ್ತಾರಿವೆ. ತಲೆಬಾಗುವ ಮುಂಚೆ ಅವರಿಗೆ ‘ಒಲ್ಲೆ’ ಎನ್ನುವ ದಾರಿ ಇತ್ತೇ ಎಂದು ಕೇಳಿಕೊಳ್ಳುತ್ತ ಓದಿದರೆ ಕಥೆಗಳು ತಾವಾಗಿ ಎರಡು ಪಾಲಾಗುತ್ತವೆ. ಒಂದು ಪಾಲು ಇವತ್ತಿಗೂ ಎದೆಗೆ ತಾಗುತ್ತದೆ. ಇನ್ನೊಂದನ್ನು ನನಗೆ ಒಪ್ಪಿಕೊಳ್ಳಲು ಆಗುವುದಿಲ್ಲ.

ಸಂದೀಪಕನ ಕಥೆ ಮೊದಲನೆಯ ಪಾಲಿನದು. ಅವನ ಗುರು ವೇದಧರ್ಮ ಹಿಂದಿನ ಪಾಪ ಸವೆಸಲು ಕಾಶಿಯಲ್ಲಿ 21 ವರ್ಷ ಕುಷ್ಠ ಅನುಭವಿಸಬೇಕು. ಗುರು ಶಿಷ್ಯರನ್ನೆಲ್ಲ ಕರೆದು, ನನ್ನ ಸೇವೆಗೆ ಯಾರು ಬರುತ್ತೀರಿ ಎಂದು ಕೇಳುತ್ತಾನೆ. ಉಳಿದವರು ಸುಮ್ಮನಾಗುತ್ತಾರೆ, ಸಂದೀಪಕ ಒಪ್ಪುತ್ತಾನೆ. ಆಮೇಲೆ ಗುರು ಬೈಯುತ್ತಾನೆ, ತಂದ ಭಿಕ್ಷೆಯನ್ನು ಬಿಸಾಡುತ್ತಾನೆ. ಶಿಷ್ಯ ಕದಲುವುದಿಲ್ಲ. ಕಾಶಿ ವಿಶ್ವನಾಥನೇ ಬಂದು ವರ ಕೊಡುತ್ತೇನೆ ಎಂದಾಗ, ಗುರುವನ್ನು ಕೇಳಿಕೊಂಡು ಬರುತ್ತೇನೆ ಎಂದು ಹೋಗಿ, ಗುರು ಬೇಡವೆಂದ ಮೇಲೆ ತಿರುಗಿ ಬಂದು ದೇವರಿಗೇ ಬೇಡ ಎನ್ನುತ್ತಾನೆ. ಒಬ್ಬರಿಗೆ ಪೂರ್ತಿ ಒಪ್ಪಿಸಿಕೊಂಡವನಿಗೆ ಮಿಕ್ಕ ಯಾರ ಹಂಗೂ ಉಳಿಯಲಿಲ್ಲ. ಎಲ್ಲಕ್ಕಿಂತ ಮೊದಲು ಗುರು ಕೇಳಿದ್ದ ಎಂಬುದನ್ನು ಪಾರಾಯಣ ಮಾಡುವವರು ಬೇಗ ದಾಟಿಹೋಗುತ್ತಾರೆ. ಕಥೆ ನಿಂತಿರುವುದೇ ಅದರ ಮೇಲೆ.

ಇದಕ್ಕಿಂತ ನಮ್ಮ ನೆಲಕ್ಕೆ ಹತ್ತಿರವಾದದ್ದು ಗಾಣಗಾಪುರದ ಒಕ್ಕಲಿಗನ ಕಥೆ. ಗುರು ನರಸಿಂಹ ಸರಸ್ವತಿ ಸ್ನಾನಕ್ಕೆಂದು ಭೀಮಾ–ಅಮರ್ಜಾ ಸಂಗಮಕ್ಕೆ ಹೋಗುವ ದಾರಿಯಲ್ಲಿ ಅವನ ಹೊಲ. ದಿನಾಲೂ ಕೆಲಸ ಬಿಟ್ಟು ಓಡಿಬಂದು ಅಡ್ಡಬೀಳುತ್ತಿದ್ದ. ಒಂದು ದಿನ ಗುರು, ಏನು ಬೇಕೋ ನಿನಗೆ, ಎಂದರು. ಬೆಳೆ ಚೆನ್ನಾಗಿ ಬರಲಿ ಎಂದ. ನಾನು ಹೇಳಿದ್ದನ್ನು ನಂಬುತ್ತೀಯಾ ಎಂದು ಕೇಳಿ, ಹೂಂ ಎಂದ ಮೇಲೆ, ಹಾಗಿದ್ದರೆ ನಾನು ತಿರುಗಿ ಬರುವುದರೊಳಗೆ ಈ ಬೆಳೆ ಕೊಯ್ದುಬಿಡು ಎಂದರು. ಹೊಲದಲ್ಲಿದ್ದದ್ದು ಇನ್ನೂ ಮಾಗದ ಹಸಿ ಜೋಳ. ಜೋಳದ ಸೀಮೆಯಲ್ಲಿ ಹುಟ್ಟಿದವರಿಗೆ ಇದು ಎಂಥ ಮಾತೆಂದು ಬಿಡಿಸಿ ಹೇಳಬೇಕಿಲ್ಲ. ಹಸಿರು ದಂಟು ಕೊಯ್ದರೆ ದನಕ್ಕೆ ಮೇವು, ಮನೆಗೆ ಏನೂ ಇಲ್ಲ. ಒಂದು ವರ್ಷದ ರೊಟ್ಟಿ ಹೋಯಿತು. ಅವನು ನೇರ ಊರಿನ ಅಧಿಕಾರಿಯ ಹತ್ತಿರ ಹೋದ. ಹೋದ ವರ್ಷ ಕೊಟ್ಟ ಧಾನ್ಯದ ಎರಡರಷ್ಟು ಕೊಡುತ್ತೇನೆಂದು ಒಪ್ಪಿಕೊಂಡು ಅಪ್ಪಣೆ ಪಡೆದ. ಹೆಂಡತಿ ಮಕ್ಕಳು ಅಡ್ಡ ಬಂದರು. ಅವರನ್ನು ಅಟ್ಟಿ ಕುಡುಗೋಲು ಹಾಕಿದ. ಮಧ್ಯಾಹ್ನ ಗುರು ತಿರುಗಿ ಬಂದು ನೋಡಿ, ಅಯ್ಯೋ, ಸುಮ್ಮನೆ ಅಂದದ್ದು, ಯಾಕೆ ಕೊಯ್ದೆ ಎಂದರು.

ಗುರುಚರಿತ್ರೆಯ ಅತ್ಯಂತ ದಿಟ್ಟ ಜಾಗ ಇದು. ಆಜ್ಞೆ ಕೊಟ್ಟವನೇ ಅದನ್ನು ಹಿಂತೆಗೆದುಕೊಂಡಂತಾಯಿತು. ರೈತನ ಕೈಯಲ್ಲಿ ಈಗ ಬೆಳೆಯಿಲ್ಲ, ಅಧಿಕಾರಿಯ ಸಾಲ ಇದೆ, ಮನೆಯಲ್ಲಿ ಅಳು ಇದೆ. ನಿಮ್ಮ ಮಾತೇ ನನಗೆ ಸಾಕು ಎಂದು ಅವನು ಹೇಳುತ್ತಾನೆ. ಮುಂದೆ ಶೀತಗಾಳಿ ಬೀಸಿ ಊರಿನ ಬೆಳೆಯೆಲ್ಲ ಸುಟ್ಟುಹೋಯಿತು. ಮೂಲಾ ನಕ್ಷತ್ರದ ಮಳೆ ಬಂದು ಇವನು ಕೊಯ್ದ ಕೂಳೆ ಮಾತ್ರ ಚಿಗುರಿತು, ಒಂದೊಂದು ಬುಡಕ್ಕೆ ಹನ್ನೊಂದು ದಂಟು ಎದ್ದು ರಾಶಿ ನೂರು ಪಟ್ಟಾಯಿತು. ಕಥೆ ಹೇಳುವವರು ಈ ರಾಶಿಯನ್ನೇ ಕೊಂಡಾಡುತ್ತಾರೆ. ನನಗೆ ರಾಶಿಗಿಂತ ದೊಡ್ಡದಾಗಿ ಕಾಣುವುದು ಗಾಳಿ ಬೀಸುವ ಮುಂಚಿನ ಆ ದಿನಗಳು. ಬರಿ ಹೊಲ ನೋಡುತ್ತ ಊರವರ ಮಾತು ಕೇಳುತ್ತ ಅವನು ಕಳೆದ ಹೊತ್ತು. ಫಲ ಸಿಗುತ್ತದೆ ಎಂಬ ಖಾತ್ರಿಯಿಂದ ಅವನು ಕೊಯ್ಯಲಿಲ್ಲ. ಹಾಗೆ ಕೊಯ್ಯುವುದು ಒಬ್ಬ ಸ್ವತಂತ್ರ ಮನುಷ್ಯನಿಂದ ಮಾತ್ರ ಸಾಧ್ಯ.

ಆದರೆ ಅವನ ಹೆಂಡತಿ? ನಂಬುತ್ತೀಯಾ ಎಂದು ಅವಳನ್ನು ಯಾರೂ ಕೇಳಲಿಲ್ಲ. ಬಿತ್ತಿದ್ದರಲ್ಲಿ, ಕಳೆ ತೆಗೆದದ್ದರಲ್ಲಿ ಅವಳ ಕೈಯೂ ಇತ್ತಲ್ಲ. ಗಂಡನ ಭಕ್ತಿಯ ಖರ್ಚು ಅವಳ ಒಲೆಯ ಮೇಲೆ ಬಿತ್ತು. ಕೊನೆಗೆ ಜೋಳ ಬಂದದ್ದರಿಂದ ಕವಿಗೆ ಈ ಪ್ರಶ್ನೆಯಿಂದ ಪಾರಾಗಲು ಸುಲಭವಾಯಿತು.

ಹೆಣ್ಣಿನ ವಿಷಯಕ್ಕೆ ಬಂದಾಗ ಗ್ರಂಥ ಪಾರಾಗುವುದಿಲ್ಲ. ಮಾಹೂರಿನಿಂದ ಸಾವಿತ್ರಿ ಕರಕೊಂಡು ಬಂದ ಅವಳ ಕ್ಷಯದ ಗಂಡ ಗಾಣಗಾಪುರದಲ್ಲೇ ಸಾಯುತ್ತಾನೆ. ಸನ್ಯಾಸಿಯ ರೂಪದಲ್ಲಿ ಬಂದ ಗುರು ಅವಳಿಗೆ ಪತಿವ್ರತಾ ಧರ್ಮ ವಿವರಿಸಿ ಎರಡು ದಾರಿ ತೋರಿಸುತ್ತಾರೆ: ಸಹಗಮನ, ಇಲ್ಲವೇ ವಿಧವೆಯ ಕಠಿಣ ನೇಮಗಳು. ಎರಡೂ ಬೇರೆಯವರು ಬರೆದಿಟ್ಟ ದಾರಿಗಳು. ಅವಳು ಸಹಗಮನಕ್ಕೆ ಸಿದ್ಧಳಾಗುತ್ತಾಳೆ. ಕೊನೆಗೆ ಗುರುಕೃಪೆಯಿಂದ ಗಂಡ ಎದ್ದು ಕೂರುತ್ತಾನೆ, ಸರಿ. ಮುಂದೆ ಅವಳು ನನಗೊಂದು ಮಂತ್ರ ಕೊಡಿ ಎಂದು ಬೇಡಿದಾಗ ಬಂದ ಉತ್ತರ, ಹೆಂಗಸರಿಗೆ ಮಂತ್ರ ಕೊಡಬಾರದು, ಗಂಡನ ಸೇವೆಯೇ ಸಾಕು ಎಂದು. ಸಾವಿನ ಬಾಗಿಲವರೆಗೆ ಹೋಗಿ ಬಂದವಳು ಕೇಳಿದ್ದು ಮಂತ್ರ ಒಂದೇ. ಅವಳಿಗೆ ದಕ್ಕಿದ್ದು ಸೋಮವಾರದ ವ್ರತ.

ಇದೇ ಪುಸ್ತಕದಲ್ಲಿ ಗುರು ತಮ್ಮ ಬಾಲ್ಯದಲ್ಲಿ ಮಾಡಿದ್ದೇನು? ಮುಂಜಿಯಾಗುವವರೆಗೆ ಓಂಕಾರ ಬಿಟ್ಟು ಬೇರೆ ಮಾತಾಡದ ಹುಡುಗ, ಮುಂಜಿ ಮುಗಿದದ್ದೇ ಸನ್ಯಾಸಕ್ಕೆ ಹೊರಟು ನಿಲ್ಲುತ್ತಾನೆ. ತಾಯಿ ಅತ್ತು ಕರೆದರೂ ಮನಸ್ಸು ಬದಲಿಸುವುದಿಲ್ಲ. ಅವಳಿಗೆ ಬೇರೆ ಮಕ್ಕಳಾಗುವವರೆಗೆ ಇದ್ದು ಆಮೇಲೆ ಕಾಶಿಯ ದಾರಿ ಹಿಡಿಯುತ್ತಾನೆ. ತಾಯಿಯ ಮಾತಿಗಿಂತ ತನ್ನೊಳಗಿನ ಕರೆ ದೊಡ್ಡದೆಂದು ತೀರ್ಮಾನಿಸುವ ಹಕ್ಕು ಆ ಬಾಲಕನಿಗೆ ಇತ್ತು. ಅದೇ ಹಕ್ಕು ಸಾವಿತ್ರಿಗೆ ಇಲ್ಲ. ನನ್ನ ತಕರಾರು ಇಲ್ಲಿದೆ.

ಇನ್ನೊಬ್ಬನೂ ಇದ್ದಾನೆ. ಸೊಕ್ಕಿದ ಪಂಡಿತರ ಎದುರು ವಾದ ಮಾಡಲು ಗುರು ಒಬ್ಬ ಅಂತ್ಯಜನನ್ನು ಕರೆಸುತ್ತಾರೆ. ನೆಲದ ಮೇಲೆ ಏಳು ಗೆರೆ ಎಳೆಸಿ ದಾಟು ಎನ್ನುತ್ತಾರೆ. ಒಂದೊಂದು ಗೆರೆ ದಾಟಿದಂತೆ ಒಂದೊಂದು ಹಿಂದಿನ ಜನ್ಮ ನೆನಪಾಗಿ, ಕೊನೆಗೆ ಅವನು ವೇದ ಬಲ್ಲ ಬ್ರಾಹ್ಮಣನಾಗುತ್ತಾನೆ, ಪಂಡಿತರು ತಲೆತಗ್ಗಿಸುತ್ತಾರೆ. ನನ್ನನ್ನು ಹೀಗೇ ಉಳಿಸಿ ಎಂದು ಅವನು ಬೇಡುತ್ತಾನೆ. ಗುರು ಒಪ್ಪುವುದಿಲ್ಲ, ಮೈಮೇಲಿನ ಭಸ್ಮ ತೊಳೆಸುತ್ತಾರೆ. ಎಲ್ಲ ಮರೆತು ಅವನು ಹೆಂಡತಿಯ ಜೊತೆ ಕೇರಿಗೆ ಹೋಗುತ್ತಾನೆ. ಪಂಡಿತರ ಅಹಂಕಾರ ಮುರಿಯಲು ಅವನು ಬೇಕಾಗಿದ್ದ, ಅಷ್ಟೇ. ಪೂರ್ವಕರ್ಮದ ಎಷ್ಟು ವಿವರಣೆ ಕೊಟ್ಟರೂ ಆ ನೀರು ಸುರಿಸಿದ್ದನ್ನು ನಾನು ಕೃಪೆ ಎಂದು ಓದಲಾರೆ.

ಇದು ಆ ಕಾಲದ ಮಾತು, ಇವತ್ತಿನ ಕಣ್ಣಿನಿಂದ ತೂಗಬಾರದು ಎನ್ನುವವರಿದ್ದಾರೆ. ಹಾಗಾದರೆ ಗಾಣಗಾಪುರ ಇರುವ ಇದೇ ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಹುಟ್ಟಿನ ಕಾರಣಕ್ಕೇ ಊರವರ ಮಾತು ಕೇಳಿ, ಕಡೆಗೆ ಹಳೆಯ ಜೇವರ್ಗಿ ತಾಲ್ಲೂಕಿನ ಕಡಕೋಳದಲ್ಲಿ ನೆಲೆ ಕಂಡ ಮಡಿವಾಳಪ್ಪನನ್ನು ನೋಡಬೇಕು. ಅವನೂ ಗುರುವಿಗೆ ಶರಣಾದವನೇ. ಆದರೆ ಅವನ ತತ್ವಪದಗಳು ಡಾಂಭಿಕ ಗುರುವನ್ನು, ಮಠವನ್ನು, ಜಾತಿಯನ್ನು ಮುಖಕ್ಕೆ ಹೇಳಿ ಬೈಯುತ್ತವೆ. ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬನೂ ಇದ್ದ. ಗುರುಭಕ್ತಿಯನ್ನು ಹಿಡಿದುಕೊಂಡೇ ಗುರುವನ್ನು ಒರೆಗೆ ಹಚ್ಚುವ ಸ್ವಾತಂತ್ರ್ಯ ಇದೇ ಭೀಮಾತೀರದಲ್ಲಿ ಬೆಳೆಯಿತು. ಭಜನೆಯಲ್ಲಿ ಆ ಪದಗಳು ಇನ್ನೂ ಕೇಳುತ್ತವೆ.

ಗ್ರಂಥದಿಂದ ಕ್ಷೇತ್ರಕ್ಕೆ ಬಂದರೆ ಇದೇ ಎರಡು ಪಾಲು ಕಣ್ಣೆದುರಿಗೆ ಸಿಗುತ್ತವೆ. ಗಾಣಗಾಪುರದಲ್ಲಿ ಮಧ್ಯಾಹ್ನ ದತ್ತನೇ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿಂದ ಭಕ್ತರು ಜೋಳಿಗೆ ಹಿಡಿದು ಮಧುಕರಿಗೆ ಹೊರಡುತ್ತಾರೆ. ತಮ್ಮೂರಲ್ಲಿ ಕಾರಿನಿಂದ ಇಳಿಯದವರೂ ಐದು ಮನೆಯ ಮುಂದೆ ನಿಂತು ಭಿಕ್ಷೆ ಕೇಳಿ, ಹಾಕಿದ ರೊಟ್ಟಿ, ಅನ್ನ, ಪಲ್ಯ ಉಣ್ಣುತ್ತಾರೆ. ಎದುರು ನಿಂತವನು ದತ್ತನೇ ಇರಬಹುದೆಂದು ಹಾಕುವವರೂ ಕೈ ಮುಗಿಯುತ್ತಾರೆ. ದೊಡ್ಡಸ್ತಿಕೆಯನ್ನು ತಾನಾಗಿ ಒಂದು ಹೊತ್ತು ಕಳಚಿಡುವ ಈ ಆಚರಣೆ ನನಗೆ ತುಂಬ ಪ್ರಿಯ.

ಅದೇ ಮಧ್ಯಾಹ್ನ ಗುಡಿಯಲ್ಲಿ ಮಹಾಮಂಗಳಾರತಿಯ ಹೊತ್ತಿಗೆ, ದೆವ್ವ ಬಡಿದಿದೆ ಎಂದು ಮನೆಯವರು ಕರೆತಂದವರು ಚೀರುತ್ತಾರೆ, ಕೂದಲು ಬಿಚ್ಚಿ ಹೊರಳುತ್ತಾರೆ, ಕಂಬ ಹತ್ತುತ್ತಾರೆ. ಅವರಲ್ಲಿ ಹೆಂಗಸರು ಎಷ್ಟೋ ಜನ. ಕೆಲವರಿಗೆ ಅಲ್ಲಿ ನಿಜವಾಗಿಯೂ ಎದೆ ಹಗುರಾಗುತ್ತದೆ. ಮನೆಯಲ್ಲಿ ಏರಿಸಲಾಗದ ದನಿಯನ್ನು ಅಲ್ಲಿ ಏರಿಸಬಹುದು, ಯಾರೂ ತಪ್ಪು ಹಿಡಿಯುವುದಿಲ್ಲ. ಆ ಆಸರೆಯನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಆದರೆ ಕರೆತರುವ ಮುಂಚೆ, ಬರುತ್ತೀಯಾ ಎಂದು ಅವರನ್ನು ಕೇಳಿದವರು ಯಾರು? ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನು, ಕಟ್ಟಿಹಾಕುವುದನ್ನು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧ ಎನ್ನುತ್ತದೆ. ಅದು ಹೊಡೆತವನ್ನು ತಡೆಯಬಹುದು. ಮನೋವೈದ್ಯರ ಬಾಗಿಲಿಗೂ ಹೋಗೋಣವೇ ಎಂದು ಕೇಳುವ ಕೆಲಸ ಮನೆಯವರದ್ದು, ಪೂಜಾರಿಗಳದ್ದು.

ಏಳು ದಿನದ ಪಾರಾಯಣದಲ್ಲೂ ಇದೇ ಕಥೆ. ಗಂಡಸು ಚಾಪೆಯ ಮೇಲೆ ಮಲಗಿ, ಮಿತ ಊಟ ಉಂಡು, ಬೇರೆ ಮಾತಾಡದೆ ಓದುತ್ತಾನೆ. ಹೆಂಗಸು ಮಡಿಯಲ್ಲಿ ನೈವೇದ್ಯಕ್ಕೆ ಇಡುತ್ತಾಳೆ. ಅವಳು ಓದಬಾರದೆಂಬ ಕಟ್ಟು ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಕಟ್ಟು ಮೀರಿ ಓದುವವರೂ ಈಗ ಇದ್ದಾರೆ. ಅವರು ಸಾವಿತ್ರಿಯ ಅಧ್ಯಾಯಗಳನ್ನು ಬಿಟ್ಟು ಓದುವುದು ನನಗೆ ಬೇಡ. ಪೂರ್ತಿ ಓದಲಿ, ಸನ್ಯಾಸಿ ತೋರಿಸಿದ ಎರಡು ದಾರಿಯ ಹತ್ತಿರ ನಿಲ್ಲಿಸಿ, ಮೂರನೆಯದು ಯಾಕಿಲ್ಲ ಎಂದು ದೇವರ ಮುಂದೆ ಕೂತೇ ಕೇಳಲಿ. ಕಾಶಿಯಲ್ಲಿ ಸಂದೀಪಕ ವಿಶ್ವನಾಥನ ಎದುರು ಮಾತಾಡಿದ್ದಕ್ಕಿಂತ ಅದು ದೊಡ್ಡ ಧಾರ್ಷ್ಟ್ಯವೇನಲ್ಲ.