ವಿಡಿಯೋ ಗೀತೆಗಳಲ್ಲಿ ಪಾತ್ರೌಚಿತ್ಯ

ನಾಟ್ಯಶಾಸ್ತ್ರದ ಕೊನೆಯಲ್ಲಿ ಒಂದು ಕಥೆಯಿರುವುದು. ಭರತಮುನಿಯ ಪುತ್ರರು ವಿದ್ಯಾಮದದಿಂದ ಋಷಿಗಳನ್ನೇ ಅಣಕಿಸುವ ಗ್ರಾಮ್ಯಪ್ರಯೋಗವೊಂದನ್ನು ಆಡಿ ತೋರಿಸಿದರು. ಋಷಿಗಳು ಕುಪಿತರಾಗಿ ಅವರನ್ನು ಶಪಿಸಿದರು. ಅಣಕಕ್ಕೆ ಗುರಿಯಾದವರು ತಪೋಧನರಾಗಿದ್ದುದರಿಂದ ನಟರಿಗೆ ಒಡನೆಯೇ ದಂಡನೆಯಾಯಿತು. ಶಪಿಸುವ ಶಕ್ತಿಯಿಲ್ಲದವರನ್ನು ಅಣಕಿಸಿದರೆ ಕೇಳುವವರು ಯಾರು? ಈಗ ನಮ್ಮ ಮನೆಗಳ ಮಕ್ಕಳು ಮೊಬೈಲುಗಳಲ್ಲಿ ನಿತ್ಯವೂ ನೋಡುತ್ತಿರುವ ವಿಡಿಯೋ ಗೀತೆಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ವಿಚಾರಮಾಡುವುದು ಅಪ್ರಸ್ತುತವಾಗಲಾರದು.

2020ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಶ್ರೀ ಚಂದನ್ ಶೆಟ್ಟಿಯವರು ‘ಕೋಲುಮಂಡೆ’ ಎಂಬ ಜನಪದಗೀತೆಯನ್ನು ರ‍್ಯಾಪ್ ಧಾಟಿಗೆ ಅಳವಡಿಸಿ ದೃಶ್ಯಸಹಿತವಾಗಿ ಯೂಟ್ಯೂಬಿನಲ್ಲಿ ಪ್ರಕಟಿಸಿದರು. ಅದರಲ್ಲಿ ಶಿವಶರಣೆ ಸಂಕಮ್ಮನನ್ನು ಅಸಭ್ಯವಾಗಿ ಚಿತ್ರಿಸಿರುವುದೆಂದು ಮಲೆಯ ಮಹದೇಶ್ವರನ ಭಕ್ತರು ಆಕ್ಷೇಪಿಸಿದರು. ಕೆಲವೇ ದಿನಗಳಲ್ಲಿ ಗಾಯಕರು ಕ್ಷಮೆ ಯಾಚಿಸಿದರು, ವಿಡಿಯೋವನ್ನು ಹಿಂತೆಗೆದುಕೊಳ್ಳಲಾಯಿತು. ಲೋಕವು ಈ ಪ್ರಕರಣವನ್ನು ಮರೆತಿರಬಹುದು. ಆದರೆ ವಿಮರ್ಶೆಗೆ ಅದರಲ್ಲಿ ಇನ್ನೂ ವಿಚಾರಣೀಯವಾದ ಅಂಶವುಂಟು.

ಹಳೆಯ ಹಾಡಿಗೆ ಹೊಸ ಧಾಟಿ ಕೂಡದೆಂಬವರ ಪಕ್ಷ ನನ್ನದಲ್ಲ. ಮಹದೇಶ್ವರನ ಕಾವ್ಯವು ದೀಕ್ಷೆ ಪಡೆದ ದೇವರಗುಡ್ಡರ ಬಾಯಲ್ಲಿ, ಕಂಸಾಳೆಯ ತಾಳದೊಡನೆ, ಹಾಡುಗಾರನಿಂದ ಹಾಡುಗಾರನಿಗೆ ಮಾರ್ಪಡುತ್ತಲೇ ಬಂದಿರುವುದು. 1996ರ ‘ಜನುಮದ ಜೋಡಿ’ ಚಲಚ್ಚಿತ್ರದಲ್ಲಿಯೂ ಕೋಲುಮಂಡೆಯ ಹಾಡು ಬಂದಿತು. ಜನರು ಅದನ್ನು ಪ್ರೀತಿಯಿಂದಲೇ ಕೇಳಿದರು. ಆದುದರಿಂದ ದೋಷವನ್ನು ಧಾಟಿಯಲ್ಲಿ ಹುಡುಕಬೇಕಾಗಿಲ್ಲ. ಪಾತ್ರವನ್ನು ಕಂಡ ರೀತಿಯಲ್ಲಿ ಹುಡುಕಬೇಕು.

ಸಂಕಮ್ಮನು ಸೋಲಿಗರ ಹೆಣ್ಣು. ಅವಳ ಗಂಡನಾದ ನೀಲೇಗೌಡನು ಜೇನು ತರಲು ಕಾಡಿಗೆ ಹೊರಡುವಾಗ, ತಾನು ಮರಳುವವರೆಗೆ ಶೀಲದಿಂದಿರುವೆನೆಂದು ಬಲಗೈಭಾಷೆ ಕೊಡಬೇಕೆಂದು ಅವಳನ್ನು ಕೇಳುವನು. ಅವಳು ಕೊಡಲೊಲ್ಲಳು. ಶೀಲದ ಕೊರತೆಯಿಂದಲ್ಲ, ಹಾಗೆ ಕೇಳುವುದೇ ತನಗೆ ಅವಮಾನವೆಂದು. ಗಂಡನು ಅವಳನ್ನು ಹಿಂಸಿಸಿ, ಸೆರೆಯಲ್ಲಿಟ್ಟು ಹೋಗುವನು. ಮಹದೇಶ್ವರನು ಜಂಗಮರೂಪದಿಂದ ಬಂದು ಬಂಧನವನ್ನು ಬಿಡಿಸಿ ಸಂತಾನದ ವರವನ್ನು ಅನುಗ್ರಹಿಸುವನು. ಸೀತಾದೇವಿಯು ಅಗ್ನಿಯನ್ನು ಪ್ರವೇಶಿಸಿದಳು. ಶಕುಂತಲೆಯು ಸಭೆಯ ನಡುವೆ ಕಳೆದುಹೋದ ಉಂಗುರವನ್ನು ಹುಡುಕಿದಳು. ಕಾಡಿನ ಈ ಹೆಣ್ಣಾದರೋ ಪ್ರಮಾಣ ಕೊಡುವುದನ್ನೇ ನಿರಾಕರಿಸಿದಳು. ಅಕ್ಷರಸ್ಥರ ಕಾವ್ಯಗಳಲ್ಲಿ ಇಂಥ ನಾಯಿಕೆಯರು ವಿರಳ.

ಇಂಥವಳನ್ನು ನೋಟಕರ ಕಣ್ಣುಗಳ ತೃಪ್ತಿಗಾಗಿ ನಿಲ್ಲಿಸಿದರೆ ಆಗುವುದೇನು? ನೀಲೇಗೌಡನು ಯಾವ ಸಂಶಯದ ದೃಷ್ಟಿಯಿಂದ ಅವಳನ್ನು ನೋಡಿದನೋ, ನಮ್ಮನ್ನೂ ಆ ದೃಷ್ಟಿಗೇ ಪಾಲುದಾರರನ್ನಾಗಿ ಮಾಡಿದಂತಾಗುವುದು. ರಸಭಂಗಕ್ಕೆ ಅನೌಚಿತ್ಯವೇ ಮೂಲವೆಂದು ಆನಂದವರ್ಧನನು ಹೇಳಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ.

ಇನ್ನೊಂದು ಮಾತು. ಆಕ್ಷೇಪಣೆಯು ಬಹುಮಟ್ಟಿಗೆ ಭಕ್ತರ ಮನಸ್ಸು ನೊಂದಿತೆಂಬುದರ ಮೇಲೆಯೇ ನಿಂತಿತು. ಅದು ಸಹಜವೇ. ಆದರೆ ಸಂಕಮ್ಮನು ಶರಣೆಯಾಗಿರದೆ ಬರಿಯ ಸೋಲಿಗರ ಹೆಂಗಸಾಗಿದ್ದಿದ್ದರೆ ಯಾರು ಕೇಳುತ್ತಿದ್ದರು? ಹಾಡಿನ ದೃಶ್ಯಗಳಲ್ಲಿ ಕಾಡಿನವರೆಂದರೆ ತಲೆಗೆ ಗರಿ, ಮೈಗೆ ಮಸಿ, ಸೊಂಟಕ್ಕೆ ಎಲೆ, ಬಾಯಲ್ಲಿ ಅರ್ಥವಿಲ್ಲದ ಕೂಗು. ಲಂಬಾಣಿ ಹೆಂಗಸೆಂದರೆ ಕನ್ನಡಿ ಹೊಲಿದ ಲಂಗ, ಬಳುಕುವ ನಡು; ಆ ಕಸೂತಿಯ ಹಿಂದಿನ ಕೈಗಳು ಯಾವ ದೃಶ್ಯದಲ್ಲಿಯೂ ಕಾಣವು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅರಣ್ಯಹಕ್ಕು ಕಾಯಿದೆಯ ಮೂಲಕ ತಮ್ಮ ಕಾಡಿನ ಮೇಲೆ ಸಮುದಾಯದ ಹಕ್ಕುಗಳನ್ನು ಪಡೆದರು. ಗ್ರಾಮಸಭೆ ಸೇರಿಸಿ ಅರ್ಜಿ ಬರೆದು ಹಕ್ಕನ್ನು ಸಾಧಿಸಿದ ಈ ಜನರಿಗೂ ಗರಿ ತೊಟ್ಟು ಕೂಗುವ ಆ ಬೊಂಬೆಗಳಿಗೂ ಏನು ಸಂಬಂಧ?

ಈ ದೋಷವನ್ನು ಅನ್ಯರ ಮೇಲೆ ಮಾತ್ರ ಹೊರಿಸಲು ನನಗೆ ಅಧಿಕಾರವಿಲ್ಲ. ಉಪಾಧ್ಯಾಯನಾಗಿದ್ದಾಗ ಶಾಲೆಯ ವಾರ್ಷಿಕೋತ್ಸವಕ್ಕೆ ಕಿರಾತರ ಪ್ರಸಂಗವೊಂದನ್ನು ಆಡಿಸಿ, ಹುಡುಗರ ಮುಖಕ್ಕೆ ನಾನೇ ಮಸಿ ಬಳಿದೆನು. ಹಸಲರ ಬಾಲಕನೊಬ್ಬನು ಬಹಳ ಹೊತ್ತು ನೋಡುತ್ತಿದ್ದು, “ಹಿಂಗಿರೋರು ಯಾವ ಕಾಡಲ್ಲಿದಾರೆ, ಮೇಷ್ಟ್ರೇ?” ಎಂದು ಕೇಳಿದನು. ಅವನ ಮಾತಿಗೆ ಗುಂಪು ನಕ್ಕಿತು, ನಾನೂ ನಕ್ಕೆನು. ತ್ಯಾವರೆಕೊಪ್ಪದ ಮನೆಯ ಜಗಲಿಯಲ್ಲಿ ಕುಳಿತಾಗ ಆ ನಗೆಯು ಈಗಲೂ ನನ್ನನ್ನು ಬಾಧಿಸುವುದು. ಅದು ಪ್ರಶ್ನೆಯಾಗಿತ್ತು, ತಮಾಷೆಯಾಗಿರಲಿಲ್ಲ.

ಬೇರೆ ದಾರಿಯಿಲ್ಲವೆಂದಲ್ಲ. ಶೂದ್ರಕನು ‘ಮೃಚ್ಛಕಟಿಕ’ದಲ್ಲಿ ಗಣಿಕೆಯನ್ನು ಉದಾತ್ತಳನ್ನಾಗಿ ಮಾಡಿದನು, ಬ್ರಾಹ್ಮಣನನ್ನು ಕನ್ನಗಳ್ಳನನ್ನಾಗಿ ಮಾಡಿದನು, ವಧ್ಯಸ್ಥಾನದ ಚಂಡಾಲರ ಬಾಯಲ್ಲಿ ಮನುಷ್ಯತ್ವದ ಮಾತನ್ನಾಡಿಸಿದನು. ಹುಟ್ಟನ್ನೂ ವೇಷವನ್ನೂ ನೋಡಿ ಪಾತ್ರವನ್ನು ತೂಗದಿರುವ ಈ ವಿವೇಕವು ಕೆಲವೇ ನಿಮಿಷಗಳ ಹಾಡಿಗೂ ಅಸಾಧ್ಯವಲ್ಲ. ನಮ್ಮ ತರುಣ ಗಾಯಕರು ಹಾಡನ್ನು ಹೊಸದಾಗಿ ಹಾಡಲಿ; ಹಾಡುವ ಮೊದಲು ದೇವರಗುಡ್ಡರ ಬಳಿ ಒಂದು ರಾತ್ರಿ ಕುಳಿತು ಸಂಕಮ್ಮನ ಕಥೆಯನ್ನು ಪೂರ್ತಿ ಕೇಳಲಿ. ಮಕ್ಕಳ ಪಕ್ಕದಲ್ಲಿ ಕುಳಿತು ನೋಡುವ ಹಿರಿಯರಾದ ನಾವು, ಇಂಥವರು ನಿಜವಾಗಿ ಎಲ್ಲಿದ್ದಾರೆ ಎಂದು ಮಕ್ಕಳು ಕೇಳಿದಾಗ, ನಗದೆ ಉತ್ತರ ಹೇಳೋಣ.