ಬಾಕಿ ಯಾರ ಹೆಸರಿನಲ್ಲಿದೆ?

ಅಮೆರಿಕದ ಶಾಲೆಗಳ ಬಗ್ಗೆ ಏನನ್ನೇ ಓದಲು ಹೊರಟರೂ ನಿಮಗೆ ಮೊದಲು ಎದುರಾಗುವ ಮಾತು ‘ಅಚೀವ್‌ಮೆಂಟ್ ಗ್ಯಾಪ್’. ಕಪ್ಪುವರ್ಣೀಯ, ಲ್ಯಾಟಿನೋ ಮತ್ತು ಮೂಲನಿವಾಸಿ ಮಕ್ಕಳ ಸರಾಸರಿ ಅಂಕ ಬಿಳಿಯ ಮಕ್ಕಳ ಸರಾಸರಿ ಅಂಕಕ್ಕಿಂತ ಎಷ್ಟು ಕೆಳಗಿದೆ ಅನ್ನುವ ಲೆಕ್ಕ ಇದು. ಐದಾರು ದಶಕಗಳಿಂದ ಅಲ್ಲಿನ ಸರ್ಕಾರಗಳು, ವಿಶ್ವವಿದ್ಯಾಲಯಗಳು ಈ ಅಂತರವನ್ನು ಅಳೆಯುತ್ತಲೇ ಇವೆ. 2006ರಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕರ ಸಂಘದ ಅಧ್ಯಕ್ಷೆಯಾಗಿದ್ದ ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ ತಮ್ಮ ಅಧ್ಯಕ್ಷ ಭಾಷಣದಲ್ಲಿ, ಈ ಪದವನ್ನೇ ಬಿಡೋಣ ಅಂದರು. ಅದರ ಜಾಗಕ್ಕೆ ‘ಎಜುಕೇಶನ್ ಡೆಟ್’ ಅನ್ನುವ ಮಾತನ್ನು ತಂದರು. ಅದೇ ವರ್ಷ ಪ್ರಬಂಧವಾಗಿ ಅಚ್ಚಾದ ಆ ಭಾಷಣವನ್ನು ನಮ್ಮ ವಿದ್ಯಾರ್ಥಿಗಳು ಓದಬೇಕು ಅಂತ ನನಗೆ ಅನಿಸಿದೆ. ಹಾಗಂತ ಅದರ ಎಲ್ಲ ಮಾತನ್ನೂ ಒಪ್ಪಿಕೊಂಡೇ ಓದಬೇಕಾಗಿಲ್ಲ.

ಮೊದಲು ಪದದ ತೊಡಕು. ‘ಶಿಕ್ಷಣ ಸಾಲ’ ಅಂದರೆ ನಮಗೆ ಬ್ಯಾಂಕು, ಜಾಮೀನು, ಕಂತು ನೆನಪಾಗುತ್ತದೆ. ಓದುವ ಹುಡುಗನೇ ಅಲ್ಲಿ ಸಾಲಗಾರ. ‘ಋಣ’ ಅಂದರೂ ಸರಿಹೋಗುವುದಿಲ್ಲ. ತಂದೆತಾಯಿಯ ಋಣ, ಅನ್ನದ ಋಣ ಅಂತ ಅದು ಪಡೆದವನ ತಲೆಯ ಮೇಲೇ ಕೂರುತ್ತದೆ. ಲ್ಯಾಡ್ಸನ್-ಬಿಲ್ಲಿಂಗ್ಸ್ ಹೇಳುವುದು ತದ್ವಿರುದ್ಧ: ದೇಶ ಈ ಮಕ್ಕಳಿಗೆ ಕೊಡಬೇಕಾದದ್ದನ್ನು ಕೊಟ್ಟಿಲ್ಲ. ನಮ್ಮ ಕಿರಾಣಿ ಅಂಗಡಿಯ ‘ಬಾಕಿ’ ಅನ್ನುವ ಪದವೇ ಇದಕ್ಕೆ ಹತ್ತಿರ. ಅದರಲ್ಲಿ ಕೊಡಬೇಕಾದವನ ಹೆಸರು ಮೇಲೆ ಬರೆದಿರುತ್ತದೆ.

ಅವರ ವಾದ ಸರಳ. ಸರ್ಕಾರದ ಬಜೆಟ್ಟಿನಲ್ಲಿ ವರ್ಷದ ಕೊರತೆ ಬೇರೆ, ವರ್ಷ ವರ್ಷದ ಕೊರತೆ ಕೂಡಿ ಬೆಳೆದ ಸಾಲ ಬೇರೆ. ಒಂದು ವರ್ಷ ಕೊರತೆ ನೀಗಿಸಿದರೂ ಹಳೆಯ ಸಾಲ, ಅದರ ಬಡ್ಡಿ ಹಾಗೇ ಉಳಿದಿರುತ್ತದೆ. ಪರೀಕ್ಷೆಯ ಅಂಕದ ಅಂತರ ಈ ವರ್ಷದ ಕೊರತೆ ಇದ್ದ ಹಾಗೆ. ಅದರ ಹಿಂದಿನ ಸಾಲವನ್ನು ಅವರು ಚರಿತ್ರೆಯದು, ಹಣದ್ದು, ರಾಜಕೀಯ ಅಧಿಕಾರದ್ದು, ನೈತಿಕವಾದದ್ದು ಅಂತ ನಾಲ್ಕು ಬಗೆಯಾಗಿ ನೋಡುತ್ತಾರೆ.

ಹಣದ ಭಾಗ ಕಣ್ಣಿಗೆ ಹೊಡೆಯುವಂತಿದೆ. ಆ ಕಾಲದಲ್ಲಿ ಶಿಕಾಗೋ ನಗರದ ಸರ್ಕಾರಿ ಶಾಲೆಗಳಲ್ಲಿ ಒಂದು ಮಗುವಿಗೆ ವರ್ಷಕ್ಕೆ ಆಗುತ್ತಿದ್ದ ಖರ್ಚು 8,482 ಡಾಲರ್. ಅದೇ ನಗರದ ಹೊರವಲಯದಲ್ಲಿ, ಬಿಳಿಯರೇ ಹೆಚ್ಚಾಗಿರುವ ಹೈಲ್ಯಾಂಡ್ ಪಾರ್ಕ್‌ನಲ್ಲಿ 17,291 ಡಾಲರ್. ಎರಡರಷ್ಟು! ಅಲ್ಲಿ ಶಾಲೆಯ ಹಣದ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಮನೆಯ ಬೆಲೆ ಹೆಚ್ಚಿದ್ದಲ್ಲಿ ಶಾಲೆಯೂ ಶ್ರೀಮಂತ. ಯಾರು ಎಲ್ಲಿ ಮನೆ ಕೊಳ್ಳಬಹುದು ಅನ್ನುವುದನ್ನು ಬಹುಕಾಲ ಬಣ್ಣವೇ ತೀರ್ಮಾನಿಸುತ್ತಿತ್ತು. ಇಷ್ಟಾದ ಮೇಲೆ ಎರಡೂ ಕಡೆಯ ಮಕ್ಕಳಿಗೆ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು, ಯಾಕಪ್ಪಾ ಹಿಂದೆ ಬಿದ್ದೆ ಅಂತ ಕೇಳುವುದು.

ಚರಿತ್ರೆಯ ಬಾಕಿ ಇನ್ನೂ ಹಳೆಯದು. ಗುಲಾಮರಿಗೆ ಬರೆಯಲು ಕಲಿಸುವುದನ್ನು ಸೌತ್ ಕೆರೊಲಿನಾ 1740ರಲ್ಲೇ ಕಾನೂನು ಮಾಡಿ ನಿಷೇಧಿಸಿತ್ತು. ಅದೆಲ್ಲ ಯಾವ ಕಾಲದ ಮಾತು ಅನ್ನುವವರಿಗಾಗಿ ಹತ್ತಿರದ ಒಂದು ಉದಾಹರಣೆಯನ್ನು ನಾನೇ ಸೇರಿಸುತ್ತೇನೆ. ಬಣ್ಣದ ಆಧಾರದ ಮೇಲೆ ಶಾಲೆಗಳನ್ನು ಬೇರೆಯಾಗಿಡುವುದು ಸಂವಿಧಾನಬಾಹಿರ ಅಂತ ಅಮೆರಿಕದ ಸುಪ್ರೀಂ ಕೋರ್ಟು 1954ರಲ್ಲಿ ತೀರ್ಪು ಕೊಟ್ಟಿತು. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಆಡಳಿತ ಇದಕ್ಕೆ ಏನು ಮಾಡಿತು ಗೊತ್ತೇ? ಒಟ್ಟಿಗೆ ಕೂರಿಸುವುದಕ್ಕಿಂತ ಶಾಲೆಯೇ ಬೇಡ ಅಂತ 1959ರಲ್ಲಿ ಎಲ್ಲ ಸರ್ಕಾರಿ ಶಾಲೆಗಳಿಗೂ ಬೀಗ ಹಾಕಿತು. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆ ಎದ್ದು ನಿಂತಿತು. ಸರ್ಕಾರಿ ಶಾಲೆಗಳು ಮತ್ತೆ ತೆರೆದದ್ದು 1964ರಲ್ಲಿ, ಅದೂ ಕೋರ್ಟು ಗದರಿಸಿದ ಮೇಲೆ. ಬೀಗ ಬಿದ್ದಾಗ ಆರು ವರ್ಷದವಳಾಗಿದ್ದ ಕಪ್ಪು ಹುಡುಗಿಗೆ ಬಾಗಿಲು ತೆರೆದಾಗ ಹನ್ನೊಂದು. ಅವಳು ತಾಯಿಯಾಗಿ, ಅವಳ ಮಗ ಎಂಬತ್ತರ ದಶಕದಲ್ಲಿ ಪರೀಕ್ಷೆಗೆ ಕೂತಿರುತ್ತಾನೆ. ಅವನ ಅಂಕವನ್ನು ನೀವು ಯಾವ ಖಾತೆಗೆ ಬರೆಯುತ್ತೀರಿ?

‘ಅಂತರ’ ಎಂಬ ಮಾತನ್ನೇ ನಂಬಿ ಹೊರಟರೆ ಏನಾಗುತ್ತದೆ ಅನ್ನುವುದಕ್ಕೂ ಅಮೆರಿಕವೇ ಪಾಠ. 2002ರ ಜನವರಿಯಲ್ಲಿ ಜಾರ್ಜ್ ಬುಷ್ ಸಹಿ ಹಾಕಿದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆ, 2014ರೊಳಗೆ ಎಲ್ಲ ಗುಂಪಿನ ಎಲ್ಲ ಮಕ್ಕಳೂ ಓದು ಮತ್ತು ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟಬೇಕು ಅಂತ ಗುರಿ ಇಟ್ಟಿತ್ತು. ಮುಟ್ಟದ ಶಾಲೆಗಳಿಗೆ ದಂಡನೆ. ಪ್ರತಿ ಗುಂಪಿನ ಅಂಕವನ್ನೂ ಬೇರೆ ಬೇರೆಯಾಗಿ ಪ್ರಕಟಿಸಬೇಕು ಅನ್ನುವ ಅದರ ನಿಯಮ ಒಳ್ಳೆಯದೇ. ಅಲ್ಲಿಯವರೆಗೆ ಶಾಲೆಯ ಒಟ್ಟು ಸರಾಸರಿಯ ಹಿಂದೆ ಬಡ ಮಕ್ಕಳು ಮರೆಯಾಗುತ್ತಿದ್ದರು. ಆದರೆ ಅಂಕವೇ ಸರ್ವಸ್ವವಾದಾಗ ಅಟ್ಲಾಂಟಾದಲ್ಲಿ ಮೇಷ್ಟರುಗಳೇ ಮಕ್ಕಳ ಉತ್ತರ ತಿದ್ದತೊಡಗಿದರು. 2011ರ ತನಿಖೆಯಲ್ಲಿ 44 ಶಾಲೆಗಳು, 178 ಶಿಕ್ಷಕರು ಮತ್ತು ಅಧಿಕಾರಿಗಳ ಹೆಸರು ಹೊರಬಂತು. ಕಾಗದದ ಮೇಲೆ ಅಂತರ ಮುಚ್ಚಿತ್ತು. ಓದಲು ಬಾರದ ಮಗು, ತನಗೆ ಓದು ಬರುತ್ತದೆ ಅನ್ನುವ ಫಲಿತಾಂಶ ಹಿಡಿದು ಮನೆಗೆ ಹೋಗುತ್ತಿತ್ತು.

ಇಲ್ಲಿಯವರೆಗೆ ನಾನು ಲ್ಯಾಡ್ಸನ್-ಬಿಲ್ಲಿಂಗ್ಸ್ ಅವರ ಕಡೆಯೇ. ಇನ್ನು ತಕರಾರು. ಬಾಕಿ ಅಂದಮೇಲೆ ತೀರಿಸುವ ಬಗೆಯನ್ನೂ ಹೇಳಬೇಕಲ್ಲ? ಪ್ರಬಂಧ ಅಲ್ಲಿ ಮೆತ್ತಗಾಗುತ್ತದೆ. ಹಣ ಸುರಿದರೆ ಸಾಕೇ ಅಂದರೆ ಕಾನ್ಸಾಸ್ ಸಿಟಿಯ ಕಥೆ ಇದೆ. ಎಂಬತ್ತರ ದಶಕದ ಮಧ್ಯದಿಂದ ಕೋರ್ಟಿನ ಆದೇಶದಂತೆ ಅಲ್ಲಿನ ಶಾಲೆಗಳಿಗೆ ಸುಮಾರು 200 ಕೋಟಿ ಡಾಲರ್ ಹರಿಯಿತು. ಹೊಸ ಕಟ್ಟಡಗಳು, ಈಜುಕೊಳಗಳು ಬಂದವು. ಮಕ್ಕಳ ಅಂಕ ಅಲ್ಲಾಡಲಿಲ್ಲ. ಹಾಗಂತ ಹಣಕ್ಕೆ ಬೆಲೆಯೇ ಇಲ್ಲ ಅನ್ನುವುದೂ ತಪ್ಪು. ಹದಿನೇಳು ವರ್ಷದ ಮಕ್ಕಳ ಓದಿನ ರಾಷ್ಟ್ರೀಯ ಪರೀಕ್ಷೆಯಲ್ಲಿ ಬಿಳಿಯರಿಗೂ ಕಪ್ಪುವರ್ಣೀಯರಿಗೂ ನಡುವೆ 1971ರಲ್ಲಿ 53 ಅಂಕದ ಅಂತರವಿತ್ತು. 1988ರಲ್ಲಿ ಅದು 20ಕ್ಕೆ ಇಳಿಯಿತು. ದಕ್ಷಿಣದ ರಾಜ್ಯಗಳಲ್ಲಿ ಶಾಲೆಗಳು ನಿಜಕ್ಕೂ ಒಂದಾಗಿದ್ದ, ಬಡ ಮಕ್ಕಳ ಶಾಲೆಗಳಿಗೆ ಕೇಂದ್ರದ ನೆರವು ತಲುಪತೊಡಗಿದ್ದ ಕಾಲ ಅದು. ಇಳಿಕೆಗೆ ಇವೇ ಕಾರಣ ಅಂತ ವಿದ್ವಾಂಸರೆಲ್ಲ ಒಪ್ಪುವುದಿಲ್ಲ, ಆಮೇಲೆ ಅಂತರ ಮತ್ತೆ ಬೆಳೆಯಿತು ಕೂಡ. ಆದರೂ ಹದಿನೇಳು ವರ್ಷದಲ್ಲಿ ಅರ್ಧಕ್ಕಿಂತ ಕೆಳಗಿಳಿಯುವ ವಸ್ತುವನ್ನು ಜನಾಂಗದ ಹಣೆಬರಹ ಅನ್ನಲು ಬರುವುದಿಲ್ಲ.

ನನ್ನ ಎರಡನೆಯ ತಕರಾರು ತರಗತಿಯ ಬಗ್ಗೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಪಾಠ ಮಾಡಬೇಕಾದ ಶಿಕ್ಷಕಿಗೆ ಇನ್ನೂರೈವತ್ತು ವರ್ಷದ ಬಾಕಿಯ ಲೆಕ್ಕ ಕೊಟ್ಟರೆ ಅವಳು ಅದನ್ನು ಇಟ್ಟುಕೊಂಡು ಏನು ಮಾಡಬೇಕು? ‘ಸಮಾಜವೇ ಹೀಗಿರುವಾಗ ನಾನೇನು ಮಾಡಲಿ’ ಅಂತ ಕೈಚೆಲ್ಲುವುದಕ್ಕೆ ಅದೇ ನೆಪ ಆಗಬಹುದು. ವಿಚಿತ್ರ ಅಂದರೆ ಇದಕ್ಕೆ ಉತ್ತರ ಲ್ಯಾಡ್ಸನ್-ಬಿಲ್ಲಿಂಗ್ಸ್ ಅವರೇ 1994ರಲ್ಲಿ ಬರೆದ ‘ದ ಡ್ರೀಮ್‌ಕೀಪರ್ಸ್’ ಪುಸ್ತಕದಲ್ಲಿದೆ. ಕಪ್ಪುವರ್ಣೀಯ ಮಕ್ಕಳಿಗೆ ಚೆನ್ನಾಗಿ ಕಲಿಸುವ ಎಂಟು ಶಿಕ್ಷಕಿಯರ ಅಧ್ಯಯನ ಅದು. ಐವರು ಕಪ್ಪುವರ್ಣೀಯರು, ಮೂವರು ಬಿಳಿಯರು. ಈ ಶಿಕ್ಷಕಿಯರು ಮಗುವನ್ನು ಖಾಲಿ ಕೊಡ ಅಂತ ನೋಡುವುದಿಲ್ಲ. ಅದರ ಮನೆಯ ಮಾತು, ಬೀದಿಯ ಅನುಭವ ಎಲ್ಲವೂ ಅವರಿಗೆ ಪಾಠದ ಸಾಮಗ್ರಿ. ಹಾಗೆಯೇ ‘ಪಾಪ, ಬಡ ಮಗು’ ಅಂತ ಅಂಕ ಧಾರೆಯೆರೆಯುವುದೂ ಇಲ್ಲ. ಕಷ್ಟದ ಪಾಠವನ್ನೇ ಕೊಟ್ಟು ಕಲಿಯುವವರೆಗೆ ಬಿಡುವುದಿಲ್ಲ. ನನಗೆ ಕೇಳಿದರೆ 2006ರ ಪ್ರಬಂಧಕ್ಕಿಂತ ಈ ಪುಸ್ತಕವೇ ಒಂದು ತೂಕ ಹೆಚ್ಚು. ಆದರೆ ಒಂದನ್ನು ಬಿಟ್ಟು ಇನ್ನೊಂದನ್ನು ಓದಿದವರಿಗೆ ಅರ್ಧ ಮಾತು ಮಾತ್ರ ಸಿಗುತ್ತದೆ.

ಈಗ ನಮ್ಮ ಮನೆಗೆ ಬರೋಣ. ಅದೇ 2006ರ ನವೆಂಬರ್‌ನಲ್ಲಿ ಸಾಚಾರ್ ಸಮಿತಿಯ ವರದಿ ಹೊರಬಂತು. ಅಮೆರಿಕದ ಬಣ್ಣದ ಪ್ರಶ್ನೆಯನ್ನು ತಂದು ಇಲ್ಲಿನ ಮುಸ್ಲಿಮರ ಮೇಲೆ ಹಾಗೇ ಹೊದಿಸಲು ಆಗುವುದಿಲ್ಲ, ನಿಜ. ಹುಟ್ಟಿನ ಕಾರಣಕ್ಕೇ ಅಕ್ಷರ ನಿರಾಕರಿಸಿದ ಚರಿತ್ರೆ ಇಲ್ಲಿ ದಲಿತರದ್ದು; ಆ ಹೋಲಿಕೆಯ ಮೊದಲ ಹಕ್ಕು ಅವರದೇ. ಆದರೆ ಸಾಚಾರ್ ವರದಿಯನ್ನು ನಾವು ಓದಿದ ರೀತಿ ಇದೆಯಲ್ಲ, ಅದು ಥೇಟ್ ಅಮೆರಿಕದ ‘ಗ್ಯಾಪ್’ ಓದು. ಸಾಕ್ಷರತೆ ದೇಶದ್ದು ಶೇ. 65.1, ಮುಸ್ಲಿಮರದ್ದು ಶೇ. 59.1. ಆರರಿಂದ ಹದಿನಾಲ್ಕು ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಒಂದೋ ಶಾಲೆಯ ಮುಖ ನೋಡಿಲ್ಲ, ಇಲ್ಲ ಬಿಟ್ಟಿದ್ದಾರೆ. ಈ ಎರಡು ಅಂಕಿಗಳನ್ನು ಎಷ್ಟು ವೇದಿಕೆಗಳಲ್ಲಿ ಕೇಳಿದ್ದೀರಿ ನೆನಪಿಸಿಕೊಳ್ಳಿ. ಅದರ ಬೆನ್ನಿಗೇ ‘ನಮ್ಮವರಿಗೆ ಓದು ತಲೆಗೆ ಹತ್ತಲ್ಲ’, ‘ಮದ್ರಸ ಬಿಟ್ಟು ಬೇರೆ ಗೊತ್ತಿಲ್ಲ’ ಅನ್ನುವ ಮಾತು ಬರುತ್ತಿತ್ತು. ಹೊರಗಿನವರಿಗಿಂತ ಜೋರಾಗಿ ನಮ್ಮವರ ಬಾಯಿಂದಲೇ.

ಅದೇ ವರದಿಯ ಇನ್ನೊಂದು ಅಂಕಿ ಅಷ್ಟಾಗಿ ಕೇಳಿಬರಲಿಲ್ಲ. ಶಾಲೆಗೆ ಹೋಗುವ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದ್ರಸಕ್ಕೆ ಹೋಗುವವರು ಶೇ. 3ರ ಆಸುಪಾಸು. ತಂದೆತಾಯಿಗೆ ಸರ್ಕಾರಿ ಶಾಲೆ ಬೇಡವಾಗಿಲ್ಲ. ಹತ್ತಿರದಲ್ಲಿ ಶಾಲೆ ಇಲ್ಲ, ಅದರಲ್ಲೂ ಹೆಣ್ಣುಮಕ್ಕಳಿಗೆ ಇಲ್ಲ ಅಂತ ವರದಿ ಸ್ಪಷ್ಟವಾಗಿ ಹೇಳಿತ್ತು. ಅಂದರೆ ಸಾಚಾರ್ ಬರೆದದ್ದು ಬಾಕಿ ಪುಸ್ತಕ, ನಾವು ಓದಿದ್ದು ಮಾರ್ಕ್ಸ್ ಕಾರ್ಡು. ಬಾಕಿಯಲ್ಲಿ ಅಲ್ಪಸ್ವಲ್ಪ ತೀರಿದ್ದೂ ಹಿಂದಕ್ಕೆ ಹೋಗುತ್ತಿದೆ: ಅಲ್ಪಸಂಖ್ಯಾತ ಮಕ್ಕಳಿಗಿದ್ದ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನ 2022ರಲ್ಲಿ ಒಂದರಿಂದ ಎಂಟನೆಯ ತರಗತಿಯವರಿಗೆ ನಿಂತಿತು, ಸಂಶೋಧನೆ ಮಾಡುವವರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪೂ ಅದೇ ವರ್ಷ ಮುಚ್ಚಿತು.

‘ತಲೆಗೆ ಹತ್ತಲ್ಲ’ ಅನ್ನುವ ಮಾತಿಗೂ ಬೆಲೆ ತೆರಬೇಕಾಗುತ್ತದೆ. 1995ರಲ್ಲಿ ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಆರೊನ್ಸನ್ ಸ್ಟ್ಯಾನ್‌ಫೋರ್ಡ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಇದು ನಿಮ್ಮ ಬುದ್ಧಿಶಕ್ತಿಯ ಪರೀಕ್ಷೆ ಅಂದಾಗ ಕಪ್ಪುವರ್ಣೀಯ ವಿದ್ಯಾರ್ಥಿಗಳು ಕಡಿಮೆ ಬರೆದರು. ಅದೇ ಪ್ರಶ್ನೆಗಳನ್ನು ಹಾಗನ್ನದೆ ಕೊಟ್ಟಾಗ ಚೆನ್ನಾಗಿ ಬರೆದರು. ಮುಂದೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಈ ಪರಿಣಾಮ ಅಷ್ಟು ಬಲವಾಗಿ ಕಂಡಿಲ್ಲ, ಆದ್ದರಿಂದ ಇದನ್ನೇ ಸರ್ವರೋಗದ ಮದ್ದು ಮಾಡಿಕೊಳ್ಳುವುದು ಬೇಡ. ಆದರೆ ವೇದಿಕೆಯ ಮೇಲೆ ಸಮುದಾಯದ ದಡ್ಡತನದ ಬಗ್ಗೆ ಭಾಷಣ, ಕೆಳಗೆ ಹತ್ತನೇ ತರಗತಿಯ ಮಕ್ಕಳು. ಅವರ ಕಿವಿಗೆ ಏನು ಬೀಳುತ್ತಿದೆ ಅಂತ ಯೋಚಿಸಿ.

ಇಷ್ಟೆಲ್ಲ ಸರ್ಕಾರದ ಬಾಕಿ ಅಂತ ನಾವು ಕೈತೊಳೆದುಕೊಳ್ಳಲೂ ಆಗದು. ಜಮಾಅತ್ತುಗಳು, ಹೊರನಾಡಿನ ಸಂಘಗಳು ವರ್ಷವರ್ಷ ನಡೆಸುವ ಪ್ರತಿಭಾ ಪುರಸ್ಕಾರವನ್ನೇ ನೋಡಿ. ಶೇ. 90 ದಾಟಿದ ಹುಡುಗಿಗೆ ಶಾಲು, ಫಲಕ, ಫೋಟೋ. ಸಂತೋಷವೇ. ಗಣಿತದಲ್ಲಿ ಫೇಲಾದ ಅವಳ ತಮ್ಮನಿಗೆ ಆಮಂತ್ರಣವೂ ಇಲ್ಲ, ಪೂರಕ ಪರೀಕ್ಷೆಗೆ ಒಂದು ತಿಂಗಳು ಕೂರಿಸಿ ಹೇಳಿಕೊಡುವವರೂ ಇಲ್ಲ. ಮುಂಬೈಯಲ್ಲಿ ಮಹಾನಗರ ಪಾಲಿಕೆ ಕನ್ನಡ, ಉರ್ದು ಸೇರಿ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಕಾಲೇಜಿನಲ್ಲಿ ಇಂಗ್ಲಿಷು ಅನ್ನುವ ಮಕ್ಕಳ ಕಷ್ಟ ಈ ಸಂಘಗಳಿಗೆ ಚೆನ್ನಾಗಿ ಗೊತ್ತಿರಬೇಕು. ಫಲಕಕ್ಕೆ ಹಾಕುವ ದುಡ್ಡಿನಲ್ಲಿ ಆ ಹುಡುಗನಿಗೆ ಒಬ್ಬ ಮೇಷ್ಟರು ಸಿಗುತ್ತಿದ್ದರು.

‘ಡ್ರೀಮ್‌ಕೀಪರ್ಸ್’ ಓದುವಾಗ ಒಂದು ಕಡೆ ನಿಧಾನ ಮಾಡಿ: ಆ ಎಂಟು ಶಿಕ್ಷಕಿಯರನ್ನು ಹುಡುಕಿದ ಬಗೆ. ಲ್ಯಾಡ್ಸನ್-ಬಿಲ್ಲಿಂಗ್ಸ್ ಅಂಕಪಟ್ಟಿ ಹಿಡಿದು ಹೊರಡಲಿಲ್ಲ. ಮೊದಲು ಕಪ್ಪುವರ್ಣೀಯ ತಂದೆತಾಯಿಗಳನ್ನು, ನಿಮ್ಮ ಮಗುವಿಗೆ ಒಳ್ಳೆಯ ಶಿಕ್ಷಕರು ಯಾರು ಅಂತ ಕೇಳಿದರು. ಬೇರೆಯಾಗಿ ಮುಖ್ಯೋಪಾಧ್ಯಾಯರನ್ನೂ ಕೇಳಿ, ಎರಡೂ ಪಟ್ಟಿಯಲ್ಲಿ ಇದ್ದವರನ್ನು ಆರಿಸಿಕೊಂಡರು. ನಮ್ಮ ಮೊಹಲ್ಲಾಗಳ ಶಾಲೆಗಳ ಬಗ್ಗೆ ಸಮೀಕ್ಷೆ ಮಾಡಲು ಹೊರಡುವ ವಿದ್ಯಾರ್ಥಿಗಳು ಆ ಪ್ರಶ್ನೆಯಿಂದಲೇ ಶುರು ಮಾಡಬಹುದು. ಹೊಟ್ಟೆಪಾಡಿಗೆ ಬೆಳಿಗ್ಗೆ ಆರಕ್ಕೇ ಮನೆ ಬಿಡುವ ಅಮ್ಮಂದಿರ ಬಳಿಯೂ ಅದಕ್ಕೆ ಉತ್ತರ ಇರುತ್ತದೆ.